ಪುಟ್ಟ ಮಗುವಿನ ಜೊತೆ ಹೊರದೇಶದಲ್ಲಿ ಇಂಗ್ಲಿಷ್ ಟೀಚರ್ ಕೆಲಸ: ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಮೇಡಂ. ನಾನು, ನನ್ನ ಹೆಂಡತಿ ಇಬ್ಬರೂ ಇಂಗ್ಲಿಷ್ ಕಲಿಸುತ್ತೇವೆ. ಅವಳು ಬಿ.ಎಡ್. ಮುಗಿಸಿ ಶಾಲೆಯಲ್ಲಿದ್ದಾಳೆ. ನಾನು ಎಂ.ಎ. ಮಾಡಿ ದೊಡ್ಡವರಿಗೆ ಇಂಗ್ಲಿಷ್ ಕ್ಲಾಸ್ ನಡೆಸುತ್ತೇನೆ. ಮಗಳಿಗೆ ಮೂರು ವರ್ಷ. ಒಂದೆರಡು ವರ್ಷ ಹೊರಗೆ ಹೋಗಿ ಕಲಿಸಿ ಬರುವ ಆಸೆ ಇದೆ. ಜಪಾನ್, ಕೊರಿಯಾ, ವಿಯೆಟ್ನಾಂ, ದುಬೈ ಎಲ್ಲ ನೋಡುತ್ತಿದ್ದೇವೆ. ಇಬ್ಬರಿಗೂ ಒಂದೇ ಕಡೆ ಕೆಲಸ ಸಿಗುತ್ತದಾ? ಮಗು ಇದೆ ಎಂದರೆ ಬೇಡ ಅಂತಾರಾ? ಯಾವ ದೇಶ ಒಳ್ಳೆಯದು?

ಉತ್ತರ: ನಮಸ್ಕಾರ. ದೇಶದ ಮಾತು ಕೊನೆಗೆ ಇಟ್ಟುಕೊಳ್ಳೋಣ. ಟೀಚರುಗಳಿಗೆ ಹೊರದೇಶದಲ್ಲಿ ಕೆಲಸ ಹುಡುಕಿಕೊಡುವುದು ನನ್ನ ಕೆಲಸ. ಮಗು ಇರುವ ಜೋಡಿ ಬಂದಾಗ ನಾನು ಮೊದಲು ಕೇಳುವುದು ಒಂದೇ: ಸಂಜೆ ಆರು ಗಂಟೆಗೆ ಮಗುವಿನ ಹತ್ತಿರ ಯಾರು ಇರುತ್ತೀರಿ?

ಯಾಕೆ ಅಂದರೆ, ಲ್ಯಾಂಗ್ವೇಜ್ ಸೆಂಟರ್‌ಗೆ ಜನ ಬರುವುದೇ ಶಾಲೆ, ಆಫೀಸು ಬಿಟ್ಟ ಮೇಲೆ. ಅಲ್ಲಿ ಪಾಠ ಮಧ್ಯಾಹ್ನದ ಮೇಲೆ ಶುರುವಾಗಿ ರಾತ್ರಿ ಎಂಟು, ಒಂಬತ್ತರವರೆಗೂ ನಡೆಯುತ್ತದೆ. ಶನಿವಾರ, ಭಾನುವಾರ ಕ್ಲಾಸ್ ಇನ್ನೂ ಜಾಸ್ತಿ. ಡೇ ಕೇರ್ ಬಾಗಿಲು ಹಾಕುವ ಹೊತ್ತಿಗೆ ನೀವಿಬ್ಬರೂ ಕ್ಲಾಸಿನಲ್ಲಿರುತ್ತೀರಿ. ಇಬ್ಬರೂ ಸೆಂಟರ್ ಕೆಲಸ ಹಿಡಿದರೆ ಮಗಳನ್ನು ನೋಡಿಕೊಳ್ಳಲು ಯಾರನ್ನಾದರೂ ಇಟ್ಟುಕೊಳ್ಳಲೇಬೇಕು, ಒಂದು ಸಂಬಳದಲ್ಲಿ ದೊಡ್ಡ ಪಾಲು ಅಲ್ಲಿಗೇ ಹೋಗುತ್ತದೆ. ಒಬ್ಬರು ಶಾಲೆ, ಒಬ್ಬರು ಸೆಂಟರ್ ಅಂತ ಮಾಡಿಕೊಂಡವರೂ ಇದ್ದಾರೆ. ಆಗ ಮಗುವಿಗೆ ತೊಂದರೆ ಇಲ್ಲ. ಆದರೆ ಗಂಡ ಹೆಂಡತಿ ಬಾಗಿಲಲ್ಲಿ ಎದುರಾದಾಗ ಮಾತಾಡಿದ್ದಷ್ಟೇ ಮಾತು. ಹಾಗಾಗಿ ಕೆಲಸ ಒಪ್ಪುವ ಮೊದಲು ವಾರದ ಟೈಂಟೇಬಲ್ ಕೇಳಿ ತೆಗೆದುಕೊಳ್ಳಿ. ಮೂವರಿಗೂ ಒಟ್ಟಿಗೆ ಒಂದು ಪೂರ್ತಿ ದಿನ ರಜೆ ಸಿಗದ ಕೆಲಸ ಬೇಡ ಅಂತಲೇ ನಾನು ಹೇಳುತ್ತೇನೆ.

ನಿಮ್ಮ ಮನೆಯಲ್ಲಿ ಬಲವಾದ ಅರ್ಜಿ ನಿಮ್ಮ ಹೆಂಡತಿಯದು. ಬಿ.ಎಡ್. ಮತ್ತು ಶಾಲೆಯ ಅನುಭವ ಇದ್ದವರಿಗೆ ಇಂಟರ್‌ನ್ಯಾಷನಲ್ ಶಾಲೆಗಳ ದಾರಿ ತೆರೆದಿರುತ್ತದೆ. ಅಲ್ಲಿ ಟೀಚರ್ ಮತ್ತು ಮಗು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಮನೆಗೆ ಬರುತ್ತಾರೆ, ರಜೆಯೂ ಒಂದೇ. ಇಬ್ಬರೂ ಕಲಿಸುವವರಾದರೆ ಅಂಥ ಶಾಲೆಗಳು ‘ಟೀಚಿಂಗ್ ಕಪಲ್’ ಅಂತ ಖುಷಿಯಿಂದಲೇ ತೆಗೆದುಕೊಳ್ಳುತ್ತವೆ. ಒಂದು ಮನೆ ಕೊಟ್ಟರೆ ಎರಡು ಹುದ್ದೆ ತುಂಬುತ್ತದಲ್ಲ! ಮಗು ಇದ್ದರೆ ಬೇಡ ಅನ್ನುವುದು ಅಪರೂಪ. ಅವರಿಗೆ ಕಷ್ಟ ಅನ್ನಿಸುವುದು ಕೆಲಸ ಮಾಡದ ಸಂಗಾತಿ ಮತ್ತು ಎರಡು ಮೂರು ಮಕ್ಕಳು ಇರುವಾಗ, ಯಾಕಂದರೆ ಟಿಕೆಟ್, ವಿಮೆ, ಫೀಸ್ ಎಲ್ಲ ಒಬ್ಬ ಟೀಚರ್ ಲೆಕ್ಕಕ್ಕೆ ಬೀಳುತ್ತದೆ. ಆಗಸ್ಟ್‌ನಲ್ಲಿ ಶುರುವಾಗುವ ಹುದ್ದೆಗೆ ಹಿಂದಿನ ವರ್ಷದ ಅಕ್ಟೋಬರ್, ನವೆಂಬರ್‌ನಿಂದಲೇ ಹುಡುಕಾಟ ನಡೆಯುತ್ತದೆ. ಮೇ ತಿಂಗಳಲ್ಲಿ ಎದ್ದರೆ ಉಳಿದಿದ್ದು ಮಾತ್ರ ಸಿಗುತ್ತದೆ.

ಮರುಪ್ರಶ್ನೆ: ಅವಳಿಗೆ ಕೆಲಸ ಸಿಕ್ಕಿ ನನಗೆ ಸಿಗದಿದ್ದರೆ? ಅವಳ ವೀಸಾದ ಮೇಲೆ ಹೋಗಿ ಅಲ್ಲೇ ಹುಡುಕಬಹುದಾ?

ಉತ್ತರ: ಇದು ದೇಶದಿಂದ ದೇಶಕ್ಕೆ ಪೂರ್ತಿ ಬೇರೆ. ಜಪಾನಿನಲ್ಲಿ ಡಿಪೆಂಡೆಂಟ್ ಆಗಿ, ಅಂದರೆ ಕೆಲಸಕ್ಕೆ ಹೋದ ಸಂಗಾತಿಯ ವೀಸಾದ ಮೇಲೆ, ಹೋದವರು ಅನುಮತಿ ಪಡೆದರೆ ವಾರಕ್ಕೆ 28 ಗಂಟೆಯವರೆಗೆ ಕೆಲಸ ಮಾಡಬಹುದು. ನಿಮ್ಮಂಥವರಿಗೆ ಇದು ಒಳ್ಳೆಯ ಅವಕಾಶ. ಹಗಲು ಮಗಳ ಜೊತೆ, ಸಂಜೆ ದೊಡ್ಡವರಿಗೆ ಕ್ಲಾಸ್. ಕೊರಿಯಾದಲ್ಲಿ ಎಫ್-3 ಡಿಪೆಂಡೆಂಟ್ ವೀಸಾದ ಮೇಲೆ ಹೋದವರಿಗೆ ಸಾಮಾನ್ಯವಾಗಿ ಕೆಲಸ ಮಾಡುವ ಹಕ್ಕಿಲ್ಲ. ಅಲ್ಲಿ ಇನ್ನೊಂದು ತೊಡಕೂ ಇದೆ. ಭಾಷೆ ಕಲಿಸುವವರ ಇ-2 ವೀಸಾ ಮುಖ್ಯವಾಗಿ ಏಳು ದೇಶಗಳ ಪಾಸ್‌ಪೋರ್ಟ್ ಇದ್ದವರಿಗೆ: ಅಮೆರಿಕ, ಬ್ರಿಟನ್, ಐರ್ಲೆಂಡ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. ಭಾರತದ ಜೊತೆ ಅವರಿಗೆ ವ್ಯಾಪಾರ ಒಪ್ಪಂದ ಇರುವುದರಿಂದ ಭಾರತದವರಿಗೂ ಸರ್ಕಾರಿ ಶಾಲೆಯ ಸಹಾಯಕ ಟೀಚರ್ ಆಗುವ ದಾರಿ ಇದೆ, ಆದರೆ ಅದಕ್ಕೆ ಟೀಚರ್ ಅರ್ಹತೆ ಬೇಕು. ಅಂದರೆ ಅಲ್ಲಿಯೂ ದಾರಿ ಇರುವುದು ನಿಮ್ಮ ಹೆಂಡತಿಗೇ.

ದುಬೈ ಇರುವ ಯುಎಇಯಲ್ಲಿ ಗಂಡ, ಹೆಂಡತಿ ಯಾರು ಬೇಕಾದರೂ ಮನೆಯವರನ್ನು ಸ್ಪಾನ್ಸರ್ ಮಾಡಬಹುದು. ಸಂಬಳ ಕಡಿಮೆ ಎಂದರೆ ತಿಂಗಳಿಗೆ 4,000 ದಿರ್ಹಂ, ಅಥವಾ 3,000 ದಿರ್ಹಂ ಜೊತೆಗೆ ವಸತಿ ಇರಬೇಕು. ಇದು ವೀಸಾಕ್ಕೆ ಸಾಕಾಗುವ ಮೊತ್ತ ಅಷ್ಟೇ, ಮೂವರು ಬದುಕಲು ಸಾಕಾಗುವ ಮೊತ್ತ ಅಲ್ಲ. ದಯವಿಟ್ಟು ಇವೆರಡನ್ನು ಒಂದೇ ಅಂದುಕೊಳ್ಳಬೇಡಿ.

ಹೊರದೇಶದವರನ್ನು ಅಲ್ಲಿನ ಶಾಲೆಗಳಿಗೆ ಸಹಾಯಕ ಟೀಚರುಗಳಾಗಿ ಕರೆಸಿಕೊಳ್ಳುವ ಜಪಾನ್ ಸರ್ಕಾರದ ಜೆಟ್ ಕಾರ್ಯಕ್ರಮದ ಬಗ್ಗೆ ತುಂಬಾ ಜನ ಕೇಳುತ್ತಾರೆ. 1987ರಿಂದ ನಡೆಯುತ್ತಿದೆ, ಹಗಲು ಹೊತ್ತಿನ ಶಾಲೆ ಕೆಲಸ, ಮನೆಯವರನ್ನು ಕರೆದುಕೊಂಡು ಹೋಗಬಹುದು. ಆದರೆ ಇಬ್ಬರೂ ಅರ್ಜಿ ಹಾಕಿದರೆ ಇಬ್ಬರನ್ನೂ ಬೇರೆ ಬೇರೆಯಾಗಿಯೇ ಆಯ್ಕೆ ಮಾಡುತ್ತಾರೆ. ಒಂದೇ ಊರು ಸಿಗುತ್ತದೆ ಎಂಬ ಖಾತ್ರಿ ಇಲ್ಲ. ಮೂರು ವರ್ಷದ ಮಗು ಇರುವಾಗ ಒಬ್ಬರೇ ಅರ್ಜಿ ಹಾಕುವುದು ಒಳ್ಳೆಯದು.

ಟೂರಿಸ್ಟ್ ವೀಸಾದಲ್ಲಿ ಬನ್ನಿ, ಪರ್ಮಿಟ್ ಆಮೇಲೆ ಮಾಡಿಸೋಣ ಅನ್ನುವವರು ಸಿಗುತ್ತಾರೆ. ಬೇಡವೇ ಬೇಡ. ಸಿಕ್ಕಿಬಿದ್ದರೆ ಮಗುವಿನ ಸಮೇತ ಮೂವರೂ ಹೊರಡಬೇಕಾಗುತ್ತದೆ.

ಇನ್ನೊಬ್ಬ ಸದಸ್ಯೆ: ನಾವೂ ಇದೇ ಯೋಚನೆಯಲ್ಲಿದ್ದೇವೆ ಮೇಡಂ. ನನ್ನ ಹತ್ತಿರ ಬಿ.ಎಡ್. ಇಲ್ಲ. ಆನ್‌ಲೈನ್‌ನಲ್ಲಿ 120 ಗಂಟೆಯ ಟೆಫಲ್ (ಇಂಗ್ಲಿಷ್ ಮನೆಮಾತಲ್ಲದವರಿಗೆ ಇಂಗ್ಲಿಷ್ ಕಲಿಸುವ ತರಬೇತಿ) ಕೋರ್ಸ್ ಅಗ್ಗಕ್ಕೆ ಸಿಗುತ್ತಿದೆ. ಸಾಕಾಗುತ್ತದಾ?

ಉತ್ತರ: ಕೆಲವು ದೇಶಗಳಲ್ಲಿ ವರ್ಕ್ ಪರ್ಮಿಟ್‌ಗೆ ಸಾಕಾಗಬಹುದು. ಒಳ್ಳೆಯ ಕೆಲಸಕ್ಕೆ ಸಾಕಾಗುವುದು ಕಷ್ಟ. ಕೇಂಬ್ರಿಡ್ಜ್‌ನವರು ಕೊಡುವ ಸೆಲ್ಟಾ ಎಂಬ ಇಂಗ್ಲಿಷ್ ಟೀಚರ್ ಸರ್ಟಿಫಿಕೇಟ್ ಕೋರ್ಸ್ ಕೂಡ ಸುಮಾರು 120 ಗಂಟೆಯದೇ. ಆದರೆ ಅದರಲ್ಲಿ ನಿಜವಾದ ವಿದ್ಯಾರ್ಥಿಗಳಿಗೆ ಆರು ಗಂಟೆ ಪಾಠ ಮಾಡಬೇಕು, ಅನುಭವಿ ಟ್ರೇನರ್ ಕೂತು ನೋಡುತ್ತಾರೆ. ಲಂಡನ್ನಿನ ಟ್ರಿನಿಟಿ ಕಾಲೇಜಿನವರ ಸರ್ಟ್‌ಟೆಸಾಲ್ ಕೋರ್ಸ್ ಕೂಡ ಹೀಗೆಯೇ. ಕೆಲಸ ಕೊಡುವವರು ನೋಡುವುದು ಆ ಆರು ಗಂಟೆಯನ್ನು. ಪೂರ್ಣಾವಧಿ ಸೆಲ್ಟಾ ನಾಲ್ಕೈದು ವಾರಗಳಲ್ಲಿ ಮುಗಿಯುತ್ತದೆ, ಆದರೆ ಆ ವಾರಗಳಲ್ಲಿ ರಾತ್ರಿಯೂ ಪಾಠ ತಯಾರಿ ಇರುತ್ತದೆ. ಗಂಡ ಹೆಂಡತಿ ಒಟ್ಟಿಗೆ ಸೇರಬೇಡಿ. ಒಬ್ಬರು ಮುಗಿಸಲಿ, ಆಮೇಲೆ ಇನ್ನೊಬ್ಬರು. ಮತ್ತೆ, ಸೆಲ್ಟಾ ಇದ್ದ ಮಾತ್ರಕ್ಕೆ ಶಾಲಾ ಟೀಚರ್ ಲೈಸೆನ್ಸ್ ಸಿಕ್ಕ ಹಾಗೆ ಅಲ್ಲ.

ಮೊದಲ ಪ್ರಶ್ನೆ ಕೇಳಿದವರು: ಮಗಳದೇ ಚಿಂತೆ ಮೇಡಂ. ಅಲ್ಲಿನ ಭಾಷೆ ಬರುವುದಿಲ್ಲ. ಪ್ಲೇ ಸ್ಕೂಲಿನಲ್ಲಿ ಒಂಟಿಯಾಗಿಬಿಟ್ಟರೆ?

ಉತ್ತರ: ಚಿಂತೆ ಸಹಜ. ಹೊಸ ಭಾಷೆಯ ಶಾಲೆಗೆ ಸೇರಿದ ಪುಟ್ಟ ಮಕ್ಕಳು ಕೆಲವು ವಾರ, ಕೆಲವರು ಕೆಲವು ತಿಂಗಳು, ಅಲ್ಲಿ ಮಾತೇ ಆಡುವುದಿಲ್ಲ. ಸುಮ್ನೆ ಕೇಳಿಸಿಕೊಳ್ಳುತ್ತಾರೆ, ನೋಡುತ್ತಾರೆ. ಭಾಷೆ ಕಲಿಕೆಯಲ್ಲಿ ಇದು ಗೊತ್ತಿರುವ ಹಂತ. ಮನೆಯಲ್ಲಿ ನಗುತ್ತಾ, ಆಡುತ್ತಾ ಇದ್ದರೆ ಗಾಬರಿ ಬೇಡ. ಮನೆಯಲ್ಲೂ ಮಾತು ಕಡಿಮೆಯಾದರೆ, ನಿದ್ದೆ ಕೆಟ್ಟರೆ ಟೀಚರ್ ಜೊತೆ ಕೂತು ಮಾತಾಡಿ. ನೀವಿಬ್ಬರೂ ಇಂಗ್ಲಿಷ್ ಟೀಚರುಗಳು ಅಂತ ಮನೆಯಲ್ಲೂ ಇಂಗ್ಲಿಷ್ ಶುರು ಮಾಡಬೇಡಿ. ಅವಳಿಗೆ ಎಲ್ಲವೂ ಹೊಸದಾಗಿರುವಾಗ ನಿಮ್ಮ ಮನೆಮಾತೊಂದು ಹಳೆಯದಾಗಿ ಇರಲಿ. ಮೊದಲ ಎರಡು ಮೂರು ವಾರ ನಿಮ್ಮಲ್ಲಿ ಒಬ್ಬರು ಕೆಲಸಕ್ಕೆ ಸೇರದೆ ಅವಳ ಜೊತೆಗಿದ್ದರೆ ಬಹಳ ವ್ಯತ್ಯಾಸ ಆಗುತ್ತದೆ. ಇದನ್ನು ಶಾಲೆಯವರ ಹತ್ತಿರ ಧೈರ್ಯವಾಗಿ ಕೇಳಿ, ಕೇಳಿದ್ದಕ್ಕೆ ಯಾರೂ ಆಫರ್ ವಾಪಸ್ ತೆಗೆದುಕೊಳ್ಳುವುದಿಲ್ಲ.

ಮರುಪ್ರಶ್ನೆ: ಕಾಂಟ್ರಾಕ್ಟ್‌ನಲ್ಲಿ ಏನು ನೋಡಬೇಕು?

ಉತ್ತರ: ‘ಮಕ್ಕಳಿಗೆ ಫೀಸ್ ಇಲ್ಲ’ ಎಂಬ ಸಾಲನ್ನು ಎರಡು ಸಲ ಓದಿ. ಎಷ್ಟೋ ಕಡೆ ಅದು ಶಾಲೆಯ ವಯಸ್ಸು ಬಂದ ಮೇಲೆ ಮಾತ್ರ. ಮೂರು ವರ್ಷದವರ ನರ್ಸರಿ ಅದರಲ್ಲಿ ಸೇರಿರುವುದಿಲ್ಲ, ನಿಮಗೆ ಬೇಕಾಗಿರುವುದೇ ಅದು. ಆರೋಗ್ಯ ವಿಮೆ ಮಗುವಿಗೂ ಇದೆಯಾ, ಮನೆ ಒಬ್ಬರಿಗೆ ಕೊಡುವ ಸಿಂಗಲ್ ರೂಮಾ, ಟಿಕೆಟ್ ಮೂವರಿಗಾ, ಮಗುವಿಗೆ ಜ್ವರ ಬಂದ ದಿನ ರಜೆ ಹೇಗೆ, ಒಬ್ಬರು ಕೆಲಸ ಬಿಟ್ಟರೆ ಇನ್ನೊಬ್ಬರ ಕೆಲಸ, ಮನೆ ಏನಾಗುತ್ತದೆ, ಇಷ್ಟೂ ಬರಹದಲ್ಲಿ ಇರಬೇಕು. ಇಂಟರ್‌ವ್ಯೂನಲ್ಲಿ ಬಾಯಿಮಾತಿಗೆ ಹೇಳಿದ್ದು ಲೆಕ್ಕಕ್ಕಿಲ್ಲ. ಮೊದಲ ಸಂಬಳ ಬರುವುದು ತಿಂಗಳು ಮುಗಿದ ಮೇಲೆ, ಬಾಡಿಗೆ ಅಡ್ವಾನ್ಸ್ ಅದಕ್ಕೂ ಮೊದಲು. ಮೂರು ತಿಂಗಳ ಖರ್ಚು ಕೈಯಲ್ಲಿಟ್ಟುಕೊಂಡು ಹೊರಡಿ.

ಕಾಗದಗಳಲ್ಲಿ ಡಿಗ್ರಿ, ಮದುವೆ ಸರ್ಟಿಫಿಕೇಟ್, ಮಗಳ ಜನನ ಪ್ರಮಾಣ ಪತ್ರ ಈಗಲೇ ತೆಗೆದಿಡಿ. ಹೆಸರಿನ ಸ್ಪೆಲಿಂಗ್ ಪಾಸ್‌ಪೋರ್ಟ್ ಜೊತೆ ಅಕ್ಷರ ಅಕ್ಷರವಾಗಿ ಹೊಂದಬೇಕು, ಹೊಂದದಿದ್ದರೆ ತಿದ್ದಿಸಲು ತಿಂಗಳುಗಳೇ ಬೇಕಾಗಬಹುದು. ಜಪಾನ್, ಕೊರಿಯಾದಂಥ ದೇಶಗಳು ಅಪೋಸ್ಟಿಲ್ (ಕಾಗದ ಅಸಲಿ ಎಂದು ನಮ್ಮ ವಿದೇಶಾಂಗ ಸಚಿವಾಲಯ ಹಾಕುವ ಮುದ್ರೆ) ಒಪ್ಪುತ್ತವೆ. ಯುಎಇಗೆ ಅವರ ರಾಯಭಾರ ಕಚೇರಿಯ ಅಟೆಸ್ಟೇಶನ್ (ದೃಢೀಕರಣ) ಬೇಕು. ಪೊಲೀಸ್ ಕ್ಲಿಯರೆನ್ಸ್ ಮಾತ್ರ ಆಫರ್ ಬಂದ ಮೇಲೆ ಮಾಡಿಸಿ, ಅದು ಕೆಲವೇ ತಿಂಗಳು ನಡೆಯುತ್ತದೆ. ಮಗಳ ಲಸಿಕೆ ಕಾರ್ಡಿನ ಒಂದು ಇಂಗ್ಲಿಷ್ ಪ್ರತಿಗೆ ಮಕ್ಕಳ ಡಾಕ್ಟರ್ ಹತ್ತಿರ ಸಹಿ, ಸೀಲ್ ಹಾಕಿಸಿಕೊಳ್ಳಿ. ಅಲ್ಲಿನ ಶಾಲೆಯವರು ಅದನ್ನು ಸಾಮಾನ್ಯವಾಗಿ ಸೇರಿಸಿಕೊಳ್ಳುವಾಗಲೇ ಕೇಳುತ್ತಾರೆ.