ಸಹಾಯ ಬೇಕು: ಬೋಲ್ಡ್ ಇಟಾಲಿಕ್ (ದಪ್ಪಗೆ, ಬಲಕ್ಕೆ ವಾಲಿದ) ಇಂಗ್ಲಿಷ್ ಜೊತೆ ಕನ್ನಡ ಅಕ್ಷರ ಹೇಗೆ ಕೂರಿಸೋದು?

ನಮಸ್ಕಾರ ಎಲ್ಲರಿಗೂ. ನಮ್ಮೂರ ಕಬಡ್ಡಿ ತಂಡದ ಜೆರ್ಸಿ ಡಿಸೈನ್ ಮಾಡುತ್ತಿದ್ದೇನೆ. ತಂಡದ ಹೆಸರು ಮೇಲೆ ಇಂಗ್ಲಿಷಿನಲ್ಲಿ, ಕೆಳಗೆ ಕನ್ನಡದಲ್ಲಿ ಬರಬೇಕು.

ಇಂಗ್ಲಿಷಿಗೆ ಹೆಲ್ವೆಟಿಕಾ ಬೋಲ್ಡ್ ಒಬ್ಲೀಕ್ ಅನ್ನೋ ಫಾಂಟ್ ಹಾಕಿದೆ. ದಪ್ಪ ಗೆರೆ, 12 ಡಿಗ್ರಿ ವಾಲು, ಅಕ್ಷರಗಳು ಓಡುತ್ತಿರುವ ಹಾಗೆ ಕಾಣುತ್ತವೆ. ಮೊದಲು ಗಿಲ್ ಸಾನ್ಸ್ ಬೋಲ್ಡ್ ಇಟಾಲಿಕ್ ಕೂಡ ನೋಡಿದ್ದೆ. ಅದರಲ್ಲಿ ಇಂಗ್ಲಿಷಿನ ಸಣ್ಣ 'a' ಅಕ್ಷರದ ಆಕಾರವೇ ಬೇರೆ, ಕೈಬರಹದ ಛಾಯೆ ಇದೆ. ಚೆನ್ನಾಗಿದೆ, ಆದರೆ ಕಬಡ್ಡಿಗೆ ಸ್ವಲ್ಪ ಮೆದು ಅನ್ನಿಸಿತು.

ತೊಂದರೆ ಇರೋದು ಕನ್ನಡದಲ್ಲಿ. 'ಬಾಲೂ ತಮ್ಮ' ಅನ್ನೋ ಕನ್ನಡ ಫಾಂಟ್ ದಪ್ಪಗಿದೆ, ಆದರೆ ಅದಕ್ಕೆ ಇಟಾಲಿಕ್ ಇಲ್ಲ. 'ನೋಟೋ ಸಾನ್ಸ್ ಕನ್ನಡ' ಫಾಂಟಿಗೂ ಇಲ್ಲ. ಸರಿ ಅಂತ ಇಂಕ್‌ಸ್ಕೇಪ್ ಅನ್ನೋ ಡ್ರಾಯಿಂಗ್ ಸಾಫ್ಟ್‌ವೇರಿನಲ್ಲಿ ನಾನೇ 12 ಡಿಗ್ರಿ ವಾಲಿಸಿದೆ. ತಲೆಕಟ್ಟು ಬಲಕ್ಕೆ ಹೋಗಿ ಪಕ್ಕದ ಅಕ್ಷರದ ಮೇಲೆ ವಾಲಿದ ಹಾಗೆ ಕಂಡಿತು. ಒತ್ತಕ್ಷರ ಎಡಕ್ಕೆ ಜಾರಿತು. ಹೆಸರಿನಲ್ಲಿ 'ಕ್ಕ', 'ಳ್ಳಿ' ಎರಡೂ ಇವೆ, ಎರಡೂ ಕೆಟ್ಟವು. ದುಂಡು ಭಾಗಗಳಂತೂ ಒಂದು ಕಡೆ ಊದಿಕೊಂಡ ಹಾಗೆ ಕಾಣುತ್ತಿವೆ. 8 ಡಿಗ್ರಿಗೆ ಇಳಿಸಿದರೆ ಓದೋಕೆ ಪರವಾಗಿಲ್ಲ, ಆದರೆ ಮೇಲಿನ ಇಂಗ್ಲಿಷ್ ಸಾಲಿಗೆ ಹೊಂದುತ್ತಿಲ್ಲ. ಪ್ರಿಂಟ್ ಅಂಗಡಿಯವರನ್ನು ಕೇಳಿದರೆ "ಸುಮ್ನೆ ಎಳೀರಿ ಸಾರ್, ಯಾರು ನೋಡ್ತಾರೆ" ಅಂದರು. ನಾನು ನೋಡ್ತೀನಲ್ವಾ!

ಒತ್ತಕ್ಷರಗಳನ್ನು ವಾಲಿಸಿದ ಮೇಲೆ ಒಂದೊಂದಾಗಿ ಬಲಕ್ಕೆ ಸರಿಸಿ ಸರಿಮಾಡಬಹುದಾ? ಅಥವಾ ಕನ್ನಡವನ್ನು ನೆಟ್ಟಗೇ ಬಿಟ್ಟು ಇಂಗ್ಲಿಷ್ ಮಾತ್ರ ವಾಲಿಸೋದು ಒಳ್ಳೆಯದಾ? ಜೆರ್ಸಿ ಮಾಡಿದ ಅನುಭವ ಇರುವವರು ದಯವಿಟ್ಟು ಹೇಳಿ.