ಹುಡುಗಿಯರಿಗೆ ಪಾಠ, ಹುಡುಗರಿಗೆ ಆಟದ ಮೈದಾನ: ಈ ಪದ್ಧತಿ ಏಕೆ?

ಪ್ರಶ್ನೆ (ಪೋಷಕಿ, ಸಕಲೇಶಪುರ):
ನನ್ನ ಮಗಳು ಎಂಟನೆಯ ತರಗತಿಯಲ್ಲೂ ಮಗ ಆರನೆಯದರಲ್ಲೂ ಓದುತ್ತಿದ್ದಾರೆ. ಈಚೆಗೆ ಅವರ ಶಾಲೆಗೆ ಆರೋಗ್ಯ ಸಹಾಯಕಿಯೊಬ್ಬರು ಬಂದು, ಹುಡುಗಿಯರನ್ನಷ್ಟೇ ಕೂರಿಸಿಕೊಂಡು ಮುಟ್ಟಿನ ವಿಚಾರ ಹೇಳಿದರಂತೆ. ಹುಡುಗರನ್ನು ಆಟಕ್ಕೆ ಬಿಟ್ಟಿದ್ದರಂತೆ. ನಾನು ಓದುವಾಗಲೂ ಹೀಗೆಯೇ ಇತ್ತು. ಇದು ಇನ್ನೂ ಏಕೆ ಉಳಿದಿದೆ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ (ನಿವೃತ್ತ ವಿಜ್ಞಾನ ಶಿಕ್ಷಕ, ಹಾಸನ):
ಮಗಳು ದೊಡ್ಡವಳಾದಾಗ ಸೋದರಮಾವ ಹಸಿರು ಸೊಪ್ಪಿನ ಗುಡ್ಲು ಹಾಕಿ, ಚಿಗಳಿ ತಿನ್ನಿಸಿ, ನೆಂಟರಿಷ್ಟರಿಗೆಲ್ಲ ಊಟ ಹಾಕಿಸುವ ನಮ್ಮ ಕಡೆ ಈ ವಿಷಯ ಎಂದೂ ಗುಟ್ಟಾಗಿರಲಿಲ್ಲ. ಗುಟ್ಟಾದದ್ದು ಶಾಲೆಯ ಒಳಗೆ. ಸಂತಾನೋತ್ಪತ್ತಿಯ ಪಾಠ ಬಂದಾಗ ‘ಮನೆಯಲ್ಲಿ ಓದಿಕೊಳ್ಳಿ’ ಎಂದು ಪುಟ ತಿರುವುತ್ತಿದ್ದ ಮೇಷ್ಟ್ರುಗಳೇ ಹೆಚ್ಚು. ಹುಡುಗಿಯರಿಗೆ ಸಿಗುತ್ತಿದ್ದುದೂ ಶುಚಿತ್ವ ಮತ್ತು ನಾಚಿಕೆಯ ಪಾಠವೇ ಹೊರತು ಗರ್ಭಕೋಶದ ಕೆಲಸದ ವಿವರಣೆಯಲ್ಲ. ಹುಡುಗರಿಗಂತೂ ಬ್ರಹ್ಮಚರ್ಯದ ಉಪದೇಶ ಬಿಟ್ಟರೆ ಬಸ್ ನಿಲ್ದಾಣದ ಗೋಡೆಯ ಮೇಲಿನ ‘ಗುಪ್ತರೋಗ’ದ ಜಾಹೀರಾತುಗಳೇ ಗುರುಗಳು, ಸ್ವಪ್ನಸ್ಖಲನ ಸಹಜವೆಂದು ಹೇಳುವವರಿಲ್ಲದೆ ಎಷ್ಟೋ ಹುಡುಗರು ಭಯದಲ್ಲೇ ಬೆಳೆದರು. 2005ರಲ್ಲಿ ಕೇಂದ್ರವು ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ತಂದಾಗ ಇಬ್ಬರಿಗೂ ಕಲಿಸುವ ದಾರಿ ತೆರೆಯಿತೆನ್ನಬಹುದಿತ್ತು. ಆದರೆ 2007ರಲ್ಲಿ ವಿರೋಧವೆದ್ದು, ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಅದನ್ನು ತಡೆದವು.

ಉತ್ತರ (ಶುಶ್ರೂಷಕಿ, ಮೂಡಿಗೆರೆ):
ಮೇಷ್ಟ್ರ ಮಾತಿಗೆ ಒಂದು ಸೇರ್ಪಡೆ. ಹುಡುಗಿಯರಿಗೆ ಉಚಿತವಾಗಿ ಪ್ಯಾಡ್ ಕೊಡುವ ರಾಜ್ಯದ ‘ಶುಚಿ’ ಯೋಜನೆ ಬಂದ ಮೇಲೆ ನಮ್ಮ ಭೇಟಿಗಳು ಪ್ಯಾಡ್ ಹಂಚಿಕೆಯ ಸುತ್ತಲೇ ನಿಂತವು. ಹಂಚುವುದು ಹುಡುಗಿಯರಿಗಾದ್ದರಿಂದ ಮಾತೂ ಅವರಿಗೇ ಮೀಸಲಾಯಿತು. 2014ರ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ 10ರಿಂದ 19 ವರ್ಷದ ಹುಡುಗರನ್ನೂ ಒಳಗೊಂಡಿದೆ, ಕಾಗದದ ಮೇಲೆ. ಇನ್ನೊಂದು: ಹುಡುಗಿಯರಲ್ಲಿ ಹರೆಯದ ಬದಲಾವಣೆ 8ರಿಂದ 13, ಹುಡುಗರಲ್ಲಿ 9ರಿಂದ 14 ವರ್ಷದೊಳಗೆ ಆರಂಭವಾಗುವುದರಿಂದ ಎಂಟನೆಯ ತರಗತಿಗೆ ಕಾಯುವುದು ತಡವೇ. ನಿಮ್ಮ ಮಗನಿಗೂ ಈಗಲೇ ತಿಳಿಸಿ.

ಉತ್ತರ (ಶಿಕ್ಷಕಿ, ಅರಸೀಕೆರೆ):
ಒಟ್ಟಿಗೆ ಕೂರಿಸಿದರೆ ಹುಡುಗಿಯರು ಬಾಯಿ ಬಿಡುವುದಿಲ್ಲ ಎಂಬುದು ನನ್ನ ಅನುಭವ. ಆದ್ದರಿಂದ ದೇಹದ ವಿವರಣೆಯನ್ನು ಎಲ್ಲರಿಗೂ ಒಟ್ಟಿಗೆ ಕೊಟ್ಟು, ಪ್ರಶ್ನೆಗಳಿಗೆ ಮಾತ್ರ ಬೇರೆ ಬೇರೆ ಕೂರಿಸುತ್ತೇನೆ. ಹೆಸರಿಲ್ಲದ ಚೀಟಿಯಲ್ಲಿ ಪ್ರಶ್ನೆ ಬರೆಸಿದರೆ ಹುಡುಗರ ಚೀಟಿಗಳೇ ಹೆಚ್ಚು ಬರುತ್ತವೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಮುಂದಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಚೀಟಿಯ ಕ್ರಮವನ್ನೇ ಮುಖ್ಯೋಪಾಧ್ಯಾಯರ ಮುಂದಿಡುತ್ತೇನೆ. ಹುಡುಗರ ಪ್ರಶ್ನೆಗಳಿಗೆ ಉತ್ತರಿಸಲು ಪುರುಷ ಶಿಕ್ಷಕರು ಒಪ್ಪದಿದ್ದರೆ ನೀವು ಏನು ಮಾಡುತ್ತೀರಿ, ಅರಸೀಕೆರೆಯ ಮೇಡಂ?