ಸಹಾಯ ಬೇಕು: ಗ್ಯಾಲ್ವನೋಮೀಟರಿನ ಮುಳ್ಳು ಸೊನ್ನೆಗೆ ಮರಳುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾನು ಸೋಮವಾರಪೇಟೆ ಸಮೀಪದ ಪದವಿಪೂರ್ವ ಕಾಲೇಜೊಂದರಲ್ಲಿ ಭೌತಶಾಸ್ತ್ರ ಬೋಧಿಸುತ್ತೇನೆ. ಮಳೆಗಾಲ ಮುಗಿದು ಪ್ರಯೋಗಾಲಯ ತೆರೆದಾಗ, ಚಲಿಸುವ ಸುರುಳಿಯ ಹಳೆಯ ಗ್ಯಾಲ್ವನೋಮೀಟರೊಂದರ (ಸಣ್ಣ ವಿದ್ಯುತ್ ಪ್ರವಾಹವನ್ನು ತೋರಿಸುವ ಉಪಕರಣ) ಮುಳ್ಳು ವಿದ್ಯುತ್ ನಿಲ್ಲಿಸಿದ ಮೇಲೂ ಸೊನ್ನೆಯಿಂದ ಮೂರು ಗೆರೆ ದೂರದಲ್ಲೇ ನಿಲ್ಲುವುದು ಕಂಡಿತು.

ಸುರುಳಿಯ ಮೇಲಿನ ತಿರುಗುಬಲವು ಸುತ್ತುಗಳ ಸಂಖ್ಯೆ, ವಿದ್ಯುತ್ ಪ್ರವಾಹ, ಸುರುಳಿಯ ವಿಸ್ತೀರ್ಣ ಮತ್ತು ಕಾಂತಕ್ಷೇತ್ರ ಇವುಗಳ ಗುಣಲಬ್ಧ. ಕಾಂತದ ಧ್ರುವಗಳು ಒಳಬಾಗಿದ್ದು ನಡುವೆ ಮೆದುಕಬ್ಬಿಣದ ಕೊರಡು ಇರುವುದರಿಂದ ಕ್ಷೇತ್ರವು ತ್ರಿಜ್ಯೀಯವಾಗಿ ಹರಡಿ, ಸುರುಳಿ ಎತ್ತ ತಿರುಗಿದರೂ ಅದರ ಸಮತಲಕ್ಕೆ ಸಮಾಂತರವಾಗಿಯೇ ಇರುತ್ತದೆ. ಸ್ಪ್ರಿಂಗಿನ ಮರುಬಲ ತಿರುಗಿದ ಕೋನಕ್ಕೆ ಅನುಪಾತದಲ್ಲಿರುವುದರಿಂದ ವಿಚಲನೆಯೂ ಪ್ರವಾಹಕ್ಕೆ ಅನುಪಾತದಲ್ಲಿರುತ್ತದೆ. ಈ ಸರಳ ಸಮತೋಲನವನ್ನು ಮಕ್ಕಳು ಕಣ್ಣಾರೆ ಕಾಣಬೇಕೆಂಬುದೇ ನನ್ನ ಆಸೆ.

ಗಾಜನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಮುಳ್ಳು ಸೊನ್ನೆಯತ್ತ ಸರಿಯುತ್ತದೆ. ಆದ್ದರಿಂದ ದೋಷ ಸ್ಪ್ರಿಂಗಿನದಲ್ಲ, ತಿರುಗುಮೊನೆಯ (ಸುರುಳಿ ಆತು ತಿರುಗುವ ಚೂಪು ತುದಿಯ) ಘರ್ಷಣೆಯದು ಎಂದು ನನ್ನ ಅನಿಸಿಕೆ: ಫಾಸ್ಫರ್ ಬ್ರಾಂಜ್ ಎಂಬ ತಾಮ್ರದ ಮಿಶ್ರಲೋಹದ ಸ್ಪ್ರಿಂಗಿಗೆ ತುಕ್ಕು ಹಿಡಿಯದು, ಉಕ್ಕಿನ ಮೊನೆಗೆ ನಮ್ಮ ತಿಂಗಳುಗಟ್ಟಲೆಯ ತೇವ ಸಾಕು. ಧ್ರುವದ ಸಂದಿಯಲ್ಲಿ ಕಬ್ಬಿಣದ ಪುಡಿ ಸಿಕ್ಕಿರಲೂಬಹುದು.

ಮೊನೆಯನ್ನು ಎಣ್ಣೆ ಹಾಕದೆ ಶುಚಿಗೊಳಿಸುವುದು ಹೇಗೆ? ಕಾಂತವನ್ನು ಕಳಚಿದರೆ ಅದರ ಬಲ ಕುಂದೀತೆಂಬ ಭಯವೂ ಇದೆ. ಮಡಿಕೇರಿ, ಕುಶಾಲನಗರ ಅಥವಾ ವಿರಾಜಪೇಟೆಯಲ್ಲಿ ಇಂಥ ಉಪಕರಣಗಳನ್ನು ದುರಸ್ತಿ ಮಾಡುವ ಅನುಭವಿಗಳಿದ್ದರೆ ದಯವಿಟ್ಟು ತಿಳಿಸಿ; ಉಪಕರಣವನ್ನು ನಾನೇ ತಂದು ತೋರಿಸುತ್ತೇನೆ.